ಆಗಿಹೋದದ್ದೂ ಅಲ್ಲ, ಆಗಬೇಕಾದದ್ದೂ ಅಲ್ಲ

2014ರ ಸೆಪ್ಟೆಂಬರ್ 24, ಬೆಳಿಗ್ಗೆ 7 ಗಂಟೆ 29 ನಿಮಿಷ. ಬೆಂಗಳೂರಿನ ಪೀಣ್ಯದಲ್ಲಿರುವ ಇಸ್ರೋ ನಿಯಂತ್ರಣ ಕೇಂದ್ರದಲ್ಲಿ ವಿಜ್ಞಾನಿಗಳು ಪರದೆಗಳನ್ನು ದಿಟ್ಟಿಸುತ್ತ ಕುಳಿತಿದ್ದಾರೆ. ಪ್ರಧಾನಿ ಬಂದಿದ್ದಾರೆ. ಟಿವಿಯಲ್ಲಿ ನೇರ ಪ್ರಸಾರ ನಡೆಯುತ್ತಿದೆ. ಹತ್ತು ತಿಂಗಳು ಪಯಣಿಸಿದ ಮಂಗಳಯಾನ ಈಗ ವೇಗ ತಗ್ಗಿಸಿಕೊಂಡು ಮಂಗಳನ ಕಕ್ಷೆಗೆ ಸೇರಬೇಕು. ಅದಕ್ಕಾಗಿ ಸುಮಾರು 300 ದಿನ ಸುಮ್ಮನಿದ್ದ ಮುಖ್ಯ ಎಂಜಿನ್ ಹೊತ್ತಿಕೊಂಡು ಇಪ್ಪತ್ತನಾಲ್ಕು ನಿಮಿಷದಷ್ಟು ಉರಿಯಬೇಕು. ಎರಡು ದಿನ ಮೊದಲು ಅದನ್ನು ನಾಲ್ಕೇ ಸೆಕೆಂಡು ಉರಿಸಿ ಪರೀಕ್ಷಿಸಿದ್ದರು, ಅಷ್ಟೇ ಧೈರ್ಯ. ಎಂಜಿನ್ ಹೊತ್ತಬೇಕಾದ ಸಮಯ 7 ಗಂಟೆ 17 ನಿಮಿಷ 32 ಸೆಕೆಂಡು. ಆ ಗಳಿಗೆ ದಾಟಿ ಹನ್ನೊಂದು ನಿಮಿಷದ ಮೇಲಾಗಿದೆ. ಯಾರಿಗೂ ಏನೂ ಗೊತ್ತಿಲ್ಲ.

ಗೊತ್ತಾಗುವ ದಾರಿಯೇ ಇರಲಿಲ್ಲ. ಮಂಗಳ ಅಂದು ನಮ್ಮಿಂದ ಸುಮಾರು 22 ಕೋಟಿ ಕಿಲೋಮೀಟರು ದೂರದಲ್ಲಿತ್ತು. ಅಲ್ಲಿಂದ ಹೊರಟ ರೇಡಿಯೊ ಸಂಕೇತ ಇಲ್ಲಿಗೆ ತಲುಪಲು ಹನ್ನೆರಡೂವರೆ ನಿಮಿಷ ಬೇಕು. ಅದೂ ನೇರವಾಗಿ ನಮ್ಮ ಬ್ಯಾಲಾಳಿನ ಆಂಟೆನಾಕ್ಕೆ ಬೀಳುವಂತಿರಲಿಲ್ಲ. ಆ ಹೊತ್ತಿನಲ್ಲಿ ಮಂಗಳ ನಮ್ಮ ದಿಗಂತದ ಕೆಳಗಿದ್ದ, ಹಾಗಾಗಿ ಆಸ್ಟ್ರೇಲಿಯದ ಕ್ಯಾನ್‌ಬೆರಾದಲ್ಲಿದ್ದ ನಾಸಾ ಆಂಟೆನಾದ ಮೇಲೆ ಅವಲಂಬಿಸಬೇಕಿತ್ತು. ಎಂಜಿನ್ ಉರಿಯತೊಡಗಿದ ನಾಲ್ಕು ನಿಮಿಷಕ್ಕೆಲ್ಲ ನೌಕೆ ಮಂಗಳನ ಹಿಂದೆ ಮರೆಯಾಗುವುದಿತ್ತು, ಆಮೇಲೆ ಸಂಕೇತವೂ ಇಲ್ಲ. ಇಷ್ಟೆಲ್ಲ ಗೊತ್ತಿದ್ದುದರಿಂದಲೇ ಯಾವ ಕ್ಷಣದಲ್ಲಿ ಏನು ಮಾಡಬೇಕೆಂಬ ಆದೇಶಗಳನ್ನು ದಿನಗಳ ಮೊದಲೇ ನೌಕೆಯ ಕಂಪ್ಯೂಟರಿಗೆ ತುಂಬಿಸಿಟ್ಟಿದ್ದರು. ಎಂಜಿನ್ ಹೊತ್ತಿದೆ ಎಂಬ ಸುದ್ದಿ 7 ಗಂಟೆ 30 ನಿಮಿಷಕ್ಕೆ ಬಂತು. ಪೂರ್ತಿ ಉರಿದು ನೌಕೆ ಕಕ್ಷೆ ಸೇರಿದೆ ಎಂದು ಖಚಿತವಾಗುವಾಗ ಎಂಟು ಗಂಟೆಯಾಗಿತ್ತು. ಕೊನೆಗೆ ತಿಳಿದ ಲೆಕ್ಕದಂತೆ ಎಂಜಿನ್ ಉರಿದದ್ದು 23 ನಿಮಿಷ 8 ಸೆಕೆಂಡು.

ಆ ಅಂಕಿಗಳನ್ನು ನಾನು ಒಂದು ಕಾರಣಕ್ಕೆ ಇಷ್ಟು ಜೋಪಾನ ಮಾಡಿ ಇಟ್ಟುಕೊಂಡಿದ್ದೇನೆ. ಸಾಪೇಕ್ಷತಾ ಸಿದ್ಧಾಂತ ಎಂದೊಡನೆ ನಮ್ಮಲ್ಲಿ ಭಾಷಣಕಾರರು ಶುರುಮಾಡುವುದು ಒಂದೇ ರಾಗ: ಐನ್‌ಸ್ಟೈನ್ ಪ್ರಕಾರ ಎಲ್ಲವೂ ಸಾಪೇಕ್ಷ, ಕಾಲವೂ ಸುಳ್ಳು, ಸತ್ಯವೆಂಬುದು ನೋಡುವವರ ಕಣ್ಣಿಗೆ ಬಿಟ್ಟದ್ದು. ಅಲ್ಲಿಂದ ಮಾಯಾವಾದಕ್ಕೆ ಒಂದೇ ನೆಗೆತ. ಇದನ್ನು ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ನಾನು ಬಲ್ಲ ಭೌತ ಸಿದ್ಧಾಂತಗಳಲ್ಲಿ ಇಷ್ಟು ಕಟ್ಟುನಿಟ್ಟಿನದು ಇನ್ನೊಂದಿಲ್ಲ. ಯಾವುದು ಯಾವುದಕ್ಕೆ ಕಾರಣವಾಗಬಹುದು, ಯಾವುದು ಆಗಲಾರದು ಎಂದು ಅದು ಹಾಕಿಕೊಟ್ಟ ಗೆರೆಯನ್ನು ವಿಶ್ವದಲ್ಲಿ ಯಾರೂ ಜರುಗಿಸಿದ್ದು ಈವರೆಗೆ ಕಂಡಿಲ್ಲ. ಆ ಗೆರೆಗೆ ಬೆಳಕಿನ ಶಂಕು ಎಂದು ಹೆಸರು.

ದ್ವಿತೀಯ ಪಿಯುಸಿ ಓದುತ್ತಿದ್ದ ಅಕ್ಕನ ಮಗಳಿಗೆ ಇದನ್ನು ವಿವರಿಸಲು ಒಮ್ಮೆ ಒಂದು ಎ4 ಹಾಳೆ ತೆಗೆದುಕೊಂಡೆ. ಅಡ್ಡಕ್ಕೆ ದೂರ, ಉದ್ದಕ್ಕೆ ಕಾಲ. ಉದ್ದದಲ್ಲಿ ಒಂದು ಸೆಂಟಿಮೀಟರು ಎಂದರೆ ಒಂದು ನಿಮಿಷ. ಅಡ್ಡದಲ್ಲಿ ಒಂದು ಸೆಂಟಿಮೀಟರು ಎಂದರೆ ಬೆಳಕು ಒಂದು ನಿಮಿಷದಲ್ಲಿ ಕ್ರಮಿಸುವ ದೂರ, ಹತ್ತಿರಹತ್ತಿರ 1.8 ಕೋಟಿ ಕಿಲೋಮೀಟರು. ಹೀಗೆ ಅಳತೆ ಇಟ್ಟುಕೊಂಡರೆ ಬೆಳಕಿನ ಹಾದಿ ಯಾವಾಗಲೂ 45 ಡಿಗ್ರಿ ಓರೆಯ ಗೆರೆ. ಎಡ ಅಂಚಿನಲ್ಲಿ ಒಂದು ಉದ್ದ ಗೆರೆ ಎಳೆದೆ, ಅದು ಬೆಂಗಳೂರು. ಅದರಿಂದ ಬಲಕ್ಕೆ ಹನ್ನೆರಡೂವರೆ ಸೆಂಟಿಮೀಟರು ಬಿಟ್ಟು ಇನ್ನೊಂದು, ಅದು ಮಂಗಳ. ಆ ಒಂದು ಗಂಟೆಯ ಮಟ್ಟಿಗೆ ಎರಡೂ ಅಲುಗದೆ ನಿಂತಿವೆ ಎಂದುಕೊಂಡರೆ ಲೆಕ್ಕಕ್ಕೆ ಮೋಸವಿಲ್ಲ. ಬೆಂಗಳೂರಿನ ಗೆರೆಯ ಮೇಲೆ 7:29 ಎಂದು ಒಂದು ಚುಕ್ಕಿ ಇಟ್ಟು, ಅದರಿಂದ ಎರಡು ಓರೆ ಗೆರೆಗಳನ್ನು ಎಳೆದೆ, ಒಂದು ಮೇಲಕ್ಕೆ, ಇನ್ನೊಂದು ಕೆಳಕ್ಕೆ. ಮೇಲಿನದು ಮಂಗಳನ ಗೆರೆಯನ್ನು ಮುಟ್ಟುವುದು 7:41:30ರಲ್ಲಿ. ಬೆಂಗಳೂರಿನಿಂದ 7:29ಕ್ಕೆ ಹೊರಟ ಆದೇಶ ಅದಕ್ಕಿಂತ ಮೊದಲು ಅಲ್ಲಿಗೆ ತಲುಪಲಾರದು. ಕೆಳಗಿನದು ಮುಟ್ಟುವುದು 7:16:30ರಲ್ಲಿ. ಅದರ ನಂತರ ಅಲ್ಲಿ ಏನಾಗಿದ್ದರೂ 7:29ರ ಬೆಂಗಳೂರಿಗೆ ಅದರ ಸುಳಿವು ಸಿಗಲಾರದು.

ನಡುವೆ ಉಳಿದದ್ದು ಮಂಗಳನ ಗೆರೆಯ ಮೇಲಿನ 25 ಸೆಂಟಿಮೀಟರು. ಎಂಜಿನ್ ಉರಿದ 23 ನಿಮಿಷವನ್ನು ಕೆಂಪು ಪೆನ್ನಿನಲ್ಲಿ ಅದರ ಮೇಲೆ ಗುರುತು ಹಾಕಿದೆವು. ಕೆಳಗೆ ಒಂದು ಸೆಂಟಿಮೀಟರು, ಮೇಲೆ ಮುಕ್ಕಾಲು ಸೆಂಟಿಮೀಟರು ಜಾಗ ಬಿಟ್ಟು ಪೂರ್ತಿ ಒಳಗೇ ಕೂತಿತು. ಅಂದರೆ ಆ ಬೆಳಿಗ್ಗೆ 7:28 ದಾಟಿ 7:30 ಆಗುವವರೆಗಿನ ಎರಡು ನಿಮಿಷಕ್ಕೂ ಕಡಿಮೆ ಹೊತ್ತು, ಇಡೀ ದಹನ, ಮೊದಲ ಕಿಡಿಯಿಂದ ಕೊನೆಯ ಹನಿ ಇಂಧನದವರೆಗೆ, ಪೀಣ್ಯದಲ್ಲಿ ಕುಳಿತವರ ಪಾಲಿಗೆ ಭೂತಕಾಲವೂ ಆಗಿರಲಿಲ್ಲ, ಭವಿಷ್ಯವೂ ಆಗಿರಲಿಲ್ಲ. ಅವರು ಏನು ಮಾಡಿದರೂ ಅದರ ಒಂದು ಸೆಕೆಂಡನ್ನೂ ಬದಲಿಸುವಂತಿರಲಿಲ್ಲ. ಅದರ ಒಂದು ಸೆಕೆಂಡೂ ಅವರನ್ನು ಮುಟ್ಟಿರಲಿಲ್ಲ.

ಅಕ್ಕನ ಮಗಳು ಹಾಳೆಯನ್ನು ತಿರುಗಿಸಿ ನೋಡಿ, “ಅದೆಲ್ಲ ಇರಲಿ, 7:29ಕ್ಕೆ ಎಂಜಿನ್ ಉರಿಯುತ್ತಿತ್ತೋ ಇಲ್ಲವೋ?” ಎಂದಳು.

ಕೇಳಬೇಕಾದ ಪ್ರಶ್ನೆಯೇ. ಭೂಮಿಯ ಗಡಿಯಾರದ ಲೆಕ್ಕದಲ್ಲಿ ಉತ್ತರ ಸುಲಭ: ಉರಿಯುತ್ತಿತ್ತು, ಅರ್ಧದಷ್ಟು ಮುಗಿದಿತ್ತು. ಆದರೆ ಅದೇ ಕ್ಷಣ ಬೆಂಗಳೂರಿನ ಪಕ್ಕದಿಂದ ಮಂಗಳನ ಕಡೆಗೆ ಬೆಳಕಿನ ವೇಗದ ನೂರಕ್ಕೆ 95ರಷ್ಟು ವೇಗದಲ್ಲಿ ಹಾದುಹೋಗುವ ಯಾತ್ರಿಕನೊಬ್ಬನಿದ್ದರೆ, ಅವನ ಗಡಿಯಾರಗಳ ಲೆಕ್ಕದಲ್ಲಿ ಎಂಜಿನ್ ಆಗಲೇ ಉರಿದು ಆರಿದೆ. ಅಷ್ಟೇ ವೇಗದಲ್ಲಿ ಮಂಗಳನ ಕಡೆಯಿಂದ ಇತ್ತ ಬರುತ್ತಿರುವವಳ ಲೆಕ್ಕದಲ್ಲಿ ಅದು ಇನ್ನೂ ಹೊತ್ತಿಯೇ ಇಲ್ಲ. ಮೂವರೂ ಸರಿಯಾಗಿಯೇ ಅಳೆದಿದ್ದಾರೆ. ಇಷ್ಟನ್ನು ಕೇಳಿ ಭಾಷಣಕಾರ ಕುಣಿದಾಡುತ್ತಾನೆ. ಆದರೆ ಅವನು ನಿಲ್ಲಿಸಿದಲ್ಲಿಂದಲೇ ನಿಜವಾದ ಮಾತು ಶುರುವಾಗುವುದು. ಮೂವರಲ್ಲಿ ಯಾರನ್ನೇ ಕೇಳಿ, ಹೊತ್ತಿದ್ದು ಮೊದಲು, ಆರಿದ್ದು ಆಮೇಲೆ. ಹೊತ್ತಿದ ಸುದ್ದಿ ಬೆಂಗಳೂರಿಗೆ ತಲುಪಿದ್ದು ಹೊತ್ತಿದ ನಂತರವೇ. ಆದೇಶ ತುಂಬಿಸಿದ್ದು ಎಲ್ಲಕ್ಕಿಂತ ಮೊದಲು. ಒಂದರಿಂದ ಇನ್ನೊಂದು ಆಗಬಹುದಾದ ಕಡೆ ಕ್ರಮ ಎಂದಿಗೂ ಅದಲುಬದಲಾಗುವುದಿಲ್ಲ. ಒಂದಕ್ಕೂ ಇನ್ನೊಂದಕ್ಕೂ ಯಾವ ಕೊಂಡಿಯೂ ಸಾಧ್ಯವಿಲ್ಲದ ಕಡೆ ಮಾತ್ರ ಮೊದಲು ಯಾವುದು, ಆಮೇಲೆ ಯಾವುದು ಎಂಬುದು ಅವರವರ ಲೆಕ್ಕಕ್ಕೆ ಬಿಟ್ಟದ್ದು.

ಈ ಚಿತ್ರ ಬರೆದುಕೊಟ್ಟವನು ಐನ್‌ಸ್ಟೈನ್ ಅಲ್ಲ, ಅವನ ಗುರು. ಜೂರಿಕ್‌ನಲ್ಲಿ ಐನ್‌ಸ್ಟೈನ್‌ಗೆ ಗಣಿತ ಕಲಿಸಿದ ಹರ್ಮನ್ ಮಿಂಕೋವ್‌ಸ್ಕಿಗೆ ಆ ವಿದ್ಯಾರ್ಥಿಯ ಬಗ್ಗೆ ಒಳ್ಳೆಯ ಅಭಿಪ್ರಾಯವೇನೂ ಇರಲಿಲ್ಲ. ತರಗತಿಗೆ ಸರಿಯಾಗಿ ಬರದ, ಗಣಿತದ ಗೊಡವೆಯೇ ಬೇಡವೆನ್ನುವ ಸೋಮಾರಿ ಎಂದೇ ಅವನ ನೆನಪು. 1905ರಲ್ಲಿ ಆ ಸೋಮಾರಿಯ ಪ್ರಬಂಧ ಬಂದ ಮೇಲೆ ಮಿಂಕೋವ್‌ಸ್ಕಿ ಅದನ್ನು ತನ್ನ ಜ್ಯಾಮಿತಿಯ ಕಣ್ಣಿನಿಂದ ನೋಡಿದ. 1908ರ ಸೆಪ್ಟೆಂಬರ್ 21ರಂದು ಕಲೋನ್ ನಗರದಲ್ಲಿ ಮಾಡಿದ ಉಪನ್ಯಾಸದಲ್ಲಿ, ದೇಶ ಮತ್ತು ಕಾಲ ಎಂದು ಎರಡನ್ನು ಬೇರೆಬೇರೆ ಇಟ್ಟು ಮಾತಾಡುವ ಕಾಲ ಮುಗಿಯಿತು ಎಂದು ಸಾರಿದ. ನಾನು ಹಾಳೆಯಲ್ಲಿ ಎಳೆದ ಓರೆ ಗೆರೆಗಳನ್ನು ಎಲ್ಲ ದಿಕ್ಕಿಗೂ ಹರಡಿದರೆ ಆಗುವುದೇ ಶಂಕು. ಪ್ರತಿಯೊಂದು ಘಟನೆಯ ಹಿಂದೆ ಒಂದು ಶಂಕು, ಮುಂದೆ ಒಂದು ಶಂಕು. ಹಿಂದಿನದರಲ್ಲಿ ಅದಕ್ಕೆ ಕಾರಣವಾಗಬಹುದಾದದ್ದೆಲ್ಲ, ಮುಂದಿನದರಲ್ಲಿ ಅದು ಕಾರಣವಾಗಬಹುದಾದದ್ದೆಲ್ಲ. ಎರಡಕ್ಕೂ ಸೇರದೆ ಹೊರಗೆ ಉಳಿಯುವ ವಿಶಾಲ ಪ್ರದೇಶ ಮೂರನೆಯದು. ಐನ್‌ಸ್ಟೈನ್‌ಗೆ ಮೊದಮೊದಲು ಇದು ಬೇಡದ ಪಾಂಡಿತ್ಯವೆನಿಸಿತು. ಕೆಲವೇ ವರ್ಷಗಳಲ್ಲಿ ಗುರುತ್ವದ ಸಿದ್ಧಾಂತಕ್ಕೆ ಕೈಹಾಕಿದಾಗ ಇದಿಲ್ಲದೆ ಹೆಜ್ಜೆ ಇಡಲಾಗುವುದಿಲ್ಲವೆಂದು ಅವನಿಗೇ ಗೊತ್ತಾಯಿತು. ಅದನ್ನು ನೋಡಲು ಗುರು ಉಳಿದಿರಲಿಲ್ಲ. ಕಲೋನ್ ಉಪನ್ಯಾಸವಾಗಿ ನಾಲ್ಕು ತಿಂಗಳು ತುಂಬುವ ಮೊದಲೇ, 1909ರ ಜನವರಿಯಲ್ಲಿ, ಅಪೆಂಡಿಸೈಟಿಸ್‌ನಿಂದ ತೀರಿಕೊಂಡ. ವಯಸ್ಸು 44.

ಆ ಮೂರನೆಯ ಪ್ರದೇಶದ ಬಗ್ಗೆ ಬ್ರಿಟಿಷ್ ಭೌತವಿಜ್ಞಾನಿ ರೋಜರ್ ಪೆನ್‌ರೋಸ್ ಜನಪ್ರಿಯಗೊಳಿಸಿದ ಒಂದು ಒಗಟಿದೆ. ರಸ್ತೆಯಲ್ಲಿ ಇಬ್ಬರು ಎದುರುಬದುರಾಗಿ ನಡೆದುಹೋಗುತ್ತಾರೆ. ಒಬ್ಬರು ಆಂಡ್ರೊಮಿಡಾ ಗೆಲಾಕ್ಸಿ ಇರುವ ದಿಕ್ಕಿಗೆ, ಇನ್ನೊಬ್ಬರು ಅದಕ್ಕೆ ಬೆನ್ನು ಹಾಕಿ. ಗಂಟೆಗೆ ಐದು ಕಿಲೋಮೀಟರಿನ ಸಾಧಾರಣ ನಡಿಗೆ. ಆಂಡ್ರೊಮಿಡಾ 25 ಲಕ್ಷ ಜ್ಯೋತಿರ್ವರ್ಷ ದೂರವಿರುವುದರಿಂದ, ಅಲ್ಲಿ “ಈಗ” ಎಂದರೆ ಯಾವ ದಿನ ಎಂಬುದರಲ್ಲಿ ಈ ಇಬ್ಬರ ಲೆಕ್ಕಕ್ಕೂ ಎಂಟು ದಿನಕ್ಕಿಂತ ಹೆಚ್ಚು ವ್ಯತ್ಯಾಸ ಬೀಳುತ್ತದೆ. ಒಬ್ಬರ ಪ್ರಕಾರ ಅಲ್ಲಿಯ ದಂಡು ಭೂಮಿಯ ಕಡೆ ಹೊರಟಾಗಿದೆ, ಇನ್ನೊಬ್ಬರ ಪ್ರಕಾರ ಹೊರಡಬೇಕೋ ಬೇಡವೋ ಎಂಬ ಚರ್ಚೆಯೇ ಮುಗಿದಿಲ್ಲ. ಇದರಿಂದ ಭವಿಷ್ಯ ಮೊದಲೇ ಬರೆದಿಟ್ಟದ್ದು ಎಂದು ವಾದಿಸುವ ತತ್ವಶಾಸ್ತ್ರಜ್ಞರಿದ್ದಾರೆ. ನನಗೆ ಆ ವಾದ ಒಗ್ಗುವುದಿಲ್ಲ. ದಂಡು ಹೊರಟದ್ದೂ ಹೊರಡದಿದ್ದದ್ದೂ ಎರಡೂ ಆ ದಾರಿಹೋಕರ ಶಂಕುಗಳ ಆಚೆಗಿನ ಸಂಗತಿ. 25 ಲಕ್ಷ ವರ್ಷದ ತನಕ ಯಾರಿಗೂ ಅದರ ಬಿಸಿ ತಟ್ಟುವುದಿಲ್ಲ. ಎಂಟು ದಿನದ ಜಗಳ ಬರೀ ದಿನಾಂಕ ಬರೆಯುವ ಪದ್ಧತಿಯ ಜಗಳ.

2019ರ ಕೊನೆಯಲ್ಲಿ ಆರ್ದ್ರಾ ನಕ್ಷತ್ರ ಮಂಕಾದಾಗ ಇದೇ ಜಗಳ ಮದುವೆಮನೆಯ ಊಟದ ಸಾಲಿನವರೆಗೂ ಬಂದಿತ್ತು. ಮಹಾವ್ಯಾಧ ನಕ್ಷತ್ರಪುಂಜದ ಭುಜದಲ್ಲಿ ಕೆಂಪಗೆ ಹೊಳೆಯುವ, ನಮ್ಮ ಆರಿದ್ರಾ ಮಳೆಗೆ ಹೆಸರು ಕೊಟ್ಟ ಆ ನಕ್ಷತ್ರ ನೋಡುನೋಡುತ್ತಿದ್ದಂತೆ ಕಳೆಗುಂದಿತು, 2020ರ ಫೆಬ್ರವರಿಯಲ್ಲಿ ತೀರಾ ಮಸುಕಾಯಿತು. ಸಿಡಿಯುವ ಮುನ್ಸೂಚನೆಯೇ ಎಂದು ಎಲ್ಲೆಡೆ ಗುಲ್ಲು. “ಅದು ಸಿಡಿದು ಐನೂರು ವರ್ಷವಾಗಿರಬಹುದಲ್ಲವೇ, ನಮಗೆ ಗೊತ್ತಾಗಿಲ್ಲ ಅಷ್ಟೇ?” ಎಂದು ಪಕ್ಕದ ಎಲೆಯ ಹಿರಿಯರು ಕೇಳಿದರು. ಆಗಿರಬಹುದು ಎಂದೆ. ಹಾಗೆ ಹೇಳುವುದರಲ್ಲಿ ತಪ್ಪೇನಿಲ್ಲ, ಆದರೆ ಅದರಿಂದ ಹೆಚ್ಚೇನೂ ಹೇಳಿದಂತೆಯೂ ಆಗುವುದಿಲ್ಲ. ಸಿಡಿದಿದ್ದರೆ ಅದರ ಬೆಳಕು, ನ್ಯೂಟ್ರಿನೊ ಎಂಬ ಸೂಕ್ಷ್ಮ ಕಣಗಳು, ಗುರುತ್ವ, ಯಾವುದೂ ಇನ್ನೂ ನಮ್ಮನ್ನು ಮುಟ್ಟಿಲ್ಲ. ಖಗೋಳ ವಿಜ್ಞಾನಿಗಳು ಸುಮ್ಮನೆ, ನಾವು ಕಂಡ ದಿನವೇ ಅದರ ದಿನಾಂಕ ಎಂದು ಬರೆದುಕೊಂಡು ಮುಂದೆ ಹೋಗುತ್ತಾರೆ. ಜಾಣತನ ಅದೇ. ಆರ್ದ್ರೆಯಂತೂ ಸಿಡಿಯಲಿಲ್ಲ. ತಾನೇ ಉಗುಳಿದ ಧೂಳಿನ ಮೋಡ ಅಡ್ಡ ಬಂದಿತ್ತು.

ಹಾಗೆ ಸಿಡಿದದ್ದು ಇನ್ನೊಂದು, 1987ರ ಫೆಬ್ರವರಿ 23ರಂದು. ದಕ್ಷಿಣಾರ್ಧಗೋಳದವರಿಗೆ ಬರಿಗಣ್ಣಿಗೆ ಕಾಣುವ ದೊಡ್ಡ ಮೆಗಲನ್ ಮೋಡದಲ್ಲಿ, 1.68 ಲಕ್ಷ ಜ್ಯೋತಿರ್ವರ್ಷ ದೂರದಲ್ಲಿ. ಬೆಳಕಿಗಿಂತ ಎರಡು ಮೂರು ಗಂಟೆ ಮೊದಲೇ ನ್ಯೂಟ್ರಿನೊಗಳು ಬಂದವು. ಜಪಾನ್, ಅಮೆರಿಕ, ಸೋವಿಯತ್ ದೇಶಗಳ ನೆಲದಡಿಯ ಉಪಕರಣಗಳಲ್ಲಿ ಎಲ್ಲ ಸೇರಿ ಎರಡು ಡಜನ್ ಸಿಕ್ಕಿರಬಹುದು. ನ್ಯೂಟ್ರಿನೊ ಎಂದಾಗ ಕನ್ನಡಿಗರಿಗೆ ಕೋಲಾರ ನೆನಪಾಗಬೇಕು. ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೊಗಳನ್ನು ಜಗತ್ತಿನಲ್ಲಿ ಮೊದಲು ಹಿಡಿದ ಜಾಗಗಳಲ್ಲಿ ಒಂದು ಕೆಜಿಎಫ್ ಚಿನ್ನದ ಗಣಿಯ ಎರಡು ಕಿಲೋಮೀಟರಿಗೂ ಆಳದ ಸುರಂಗ, 1965ರಲ್ಲಿ. ಸಿನಿಮಾದಿಂದಷ್ಟೇ ಆ ಹೆಸರು ಗೊತ್ತಿರುವವರಿಗೆ ಇದನ್ನು ಹೇಳುವುದು ನನ್ನ ಚಟ.

ಬೆಳಕಿಗಿಂತ ಮೊದಲು ಬಂದವೆಂದರೆ ಬೆಳಕಿಗಿಂತ ವೇಗವಾಗಿ ಬಂದವೆಂದಲ್ಲ. ನಕ್ಷತ್ರದ ನಡುಭಾಗ ಕುಸಿದೊಡನೆ ನ್ಯೂಟ್ರಿನೊಗಳು ಹೊರಟುಬಿಟ್ಟವು. ಬೆಳಕಾದರೋ ಆಘಾತದ ಅಲೆ ಮೇಲ್ಮೈಯನ್ನು ತಲುಪುವವರೆಗೆ ಒಳಗೇ ಸಿಕ್ಕಿಕೊಂಡಿತ್ತು. ಈ ಹಳೆಯ ಸಂಗತಿ 2011ರ ಸೆಪ್ಟೆಂಬರಿನಲ್ಲಿ ಬಹಳ ಉಪಯೋಗಕ್ಕೆ ಬಂತು. ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಿಂದ 730 ಕಿಲೋಮೀಟರು ದೂರದ ಇಟಲಿಯ ಗ್ರಾನ್ ಸಾಸೊ ಪರ್ವತದಡಿಗೆ ಕಳಿಸಿದ ನ್ಯೂಟ್ರಿನೊಗಳು ಬೆಳಕು ಬರಬೇಕಾದುದಕ್ಕಿಂತ 60 ನ್ಯಾನೊಸೆಕೆಂಡು ಮೊದಲೇ ತಲುಪುತ್ತಿವೆ ಎಂದು ಒಪೆರಾ ಎಂಬ ಪ್ರಯೋಗದ ತಂಡ ಪ್ರಕಟಿಸಿತು. ದೂರದ ಲೆಕ್ಕದಲ್ಲಿ ಅದು 18 ಮೀಟರು ಮುಂದು. ಪತ್ರಿಕೆಗಳಲ್ಲಿ ಐನ್‌ಸ್ಟೈನ್ ಸೋತ ಎಂದು ತಲೆಬರಹ. ಆದರೆ 1987ರ ನ್ಯೂಟ್ರಿನೊಗಳೂ ಅದೇ ಪ್ರಮಾಣದಲ್ಲಿ ಬೆಳಕನ್ನು ಹಿಂದಿಕ್ಕಿದ್ದರೆ ಬೆಳಕಿಗಿಂತ ನಾಲ್ಕು ವರ್ಷ ಮೊದಲೇ ಬಂದು ಹೋಗಿರಬೇಕಿತ್ತು. ತಿಂಗಳುಗಟ್ಟಲೆ ತಡಕಾಡಿದ ಮೇಲೆ ಸಿಕ್ಕ ಮುಖ್ಯ ಅಪರಾಧಿ, ಸರಿಯಾಗಿ ಬಿಗಿಯದೆ ಬಿಟ್ಟಿದ್ದ ಒಂದು ಫೈಬರ್ ಕೇಬಲ್. ಆ ತಂಡವನ್ನು ನಕ್ಕವರೇ ಹೆಚ್ಚು. ನಾನು ನಗಲಾರೆ. ನಂಬಲಾಗದ ಅಂಕಿಯನ್ನು ಮುಚ್ಚಿಡದೆ, ನಮಗೆ ತಪ್ಪು ಸಿಗುತ್ತಿಲ್ಲ, ನೀವೂ ಹುಡುಕಿ ಎಂದು ಜಗತ್ತಿನ ಮುಂದಿಟ್ಟವರು ಅವರು.

ಹದಿನೆಂಟು ಮೀಟರಿಗೆ ಭೌತವಿಜ್ಞಾನಿಗಳು ಅಷ್ಟೊಂದು ಕಂಗಾಲಾದದ್ದೇಕೆ? ಬೆಳಕಿಗೊಂದು ದಾಖಲೆ ಮುರಿದರೆ ಮುರಿಯಲಿ ಎನ್ನಬಹುದಿತ್ತಲ್ಲ? ಮತ್ತೆ ಆ ಎ4 ಹಾಳೆಗೆ ಬರೋಣ. ದೂರವೆಷ್ಟೇ ಇದ್ದರೂ ತಕ್ಷಣ ತಲುಪುವ ಒಂದು ಫೋನ್ ಇದೆಯೆಂದುಕೊಳ್ಳಿ. 7:29ಕ್ಕೆ ಬೆಂಗಳೂರಿನಿಂದ ಕರೆ ಮಾಡುತ್ತೇವೆ, ಭೂಮಿಯ ಲೆಕ್ಕದ 7:29ಕ್ಕೇ ಅದು ಮಂಗಳನಲ್ಲಿ ಕೇಳಿಸುತ್ತದೆ. ಆ ಕ್ಷಣ ಮಂಗಳನ ಪಕ್ಕದಲ್ಲಿ ಭೂಮಿಗೆ ಬೆನ್ನು ಹಾಕಿ ಬೆಳಕಿನ ವೇಗದ ನೂರಕ್ಕೆ 80ರಷ್ಟು ವೇಗದಲ್ಲಿ ಹೋಗುತ್ತಿರುವ ನೌಕೆಯೊಂದಿದೆ. ಅದರಲ್ಲೂ ಅಂಥದೇ ಫೋನ್. ನಿಯಮಗಳು ಎಲ್ಲರಿಗೂ ಒಂದೇ ಆದ್ದರಿಂದ ಅದರ ಫೋನ್ ಅದರ ಲೆಕ್ಕದಲ್ಲಿ ತಕ್ಷಣ ತಲುಪಬೇಕು. ನೌಕೆಯಲ್ಲಿದ್ದವರು ಸಂದೇಶ ಕೇಳಿಸಿಕೊಂಡು ಕೂಡಲೇ ಉತ್ತರಿಸುತ್ತಾರೆ. ಅವರ “ತಕ್ಷಣ” ನಮ್ಮ ಹಾಳೆಯ ಮೇಲೆ ಅಡ್ಡಗೆರೆಯಲ್ಲ, ಓರೆಗೆರೆ. ಅದು ಬೆಂಗಳೂರಿನ ಗೆರೆಯನ್ನು ಮುಟ್ಟುವುದು 7:19ರಲ್ಲಿ. ಪ್ರಶ್ನೆ ಕೇಳುವುದಕ್ಕೆ ಹತ್ತು ನಿಮಿಷ ಮೊದಲು ಉತ್ತರ ಬಂದಿದೆ. ಆ ಉತ್ತರ “ದಯವಿಟ್ಟು ಕರೆ ಮಾಡಬೇಡಿ” ಎಂದಿದ್ದು, ನಾವು ಕರೆ ಮಾಡದೇ ಸುಮ್ಮನಿದ್ದರೆ? ಯಾರ ಕರೆಗೆ ಯಾರು ಉತ್ತರಿಸಿದ್ದು? ಅಕ್ಕನ ಮಗಳು ಸ್ಕೇಲ್ ಹಿಡಿದು ತಾನೇ ಗೆರೆ ಎಳೆದು ನೋಡಿದಳು. ಹತ್ತು ಸೆಂಟಿಮೀಟರು ಕೆಳಗೇ ಬಂತು. ಆಮೇಲೆ ಒಂದಷ್ಟು ಹೊತ್ತು ಮೊಬೈಲ್ ಮುಟ್ಟಲಿಲ್ಲ.

ಈ ಬಿಕ್ಕಟ್ಟಿಗೆ ಧೈರ್ಯವಾಗಿ ಎದೆಗೊಟ್ಟವರಲ್ಲಿ ಕೇರಳದ ಭೌತವಿಜ್ಞಾನಿ ಇ.ಸಿ.ಜಿ. ಸುದರ್ಶನ್ ಒಬ್ಬರು. 1962ರಲ್ಲಿ ಬಿಲಾನಿಯುಕ್ ಮತ್ತು ದೇಶಪಾಂಡೆ ಅವರೊಂದಿಗೆ ಬರೆದ ಪ್ರಬಂಧದಲ್ಲಿ, ಹುಟ್ಟಿದಾಗಿನಿಂದಲೇ ಬೆಳಕಿಗಿಂತ ವೇಗವಾಗಿರುವ ಕಣಗಳಿಗೆ ಸಾಪೇಕ್ಷತಾ ಸಿದ್ಧಾಂತದಲ್ಲಿ ಅಡ್ಡಿಯಿಲ್ಲ ಎಂದರು. ಬೆಳಕಿನ ವೇಗವನ್ನು ದಾಟಲಾಗದು ನಿಜ, ಆದರೆ ಆಚೆ ದಡದಲ್ಲೇ ಹುಟ್ಟಿದ್ದರೆ ದಾಟುವ ಮಾತೆಲ್ಲಿ? ಮುಂದೆ ಇವಕ್ಕೆ ಟ್ಯಾಕಿಯಾನ್ ಎಂಬ ಹೆಸರು ಬಂತು. ಅಂಥ ಕಣ ಕಾಲದಲ್ಲಿ ಹಿಂದಕ್ಕೆ ಹೋಗುತ್ತಿರುವಂತೆ ಒಬ್ಬರಿಗೆ ಕಂಡರೆ, ಅವರು ಅದನ್ನು ಎದುರು ದಿಕ್ಕಿನಲ್ಲಿ ಮುಂದಕ್ಕೆ ಹೋಗುತ್ತಿರುವ ಕಣವೆಂದು ಓದಿಕೊಳ್ಳಲಿ, ಕಳಿಸಿದವರು ಪಡೆದವರಾಗಲಿ, ಪಡೆದವರು ಕಳಿಸಿದವರಾಗಲಿ ಎಂಬುದು ಅವರ ಉಪಾಯ. ಸುದರ್ಶನ್ ಆಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸೈದ್ಧಾಂತಿಕ ಅಧ್ಯಯನ ಕೇಂದ್ರದ ನಿರ್ದೇಶಕರಾಗಿದ್ದರು. ಅವರ ಉಪಾಯ ಸೊಗಸಾಗಿದೆ. ಬಿಡಿಯಾದ ಒಂದು ಕಣಕ್ಕೆ ಚೆನ್ನಾಗಿ ಹೊಂದುತ್ತದೆ. ಆದರೆ ಮೇಲಿನಂಥ ಸಂಭಾಷಣೆಯನ್ನು ಅದು ಬಿಡಿಸಲಾರದು ಎಂಬುದು ನನ್ನ ತಿಳಿವಳಿಕೆ. ನಾನು ಬರೆದ ವಾಕ್ಯವನ್ನು, ಅದನ್ನು ಬರೆದವರು ಇನ್ನೊಬ್ಬರೆಂದು ಓದಿಕೊಂಡರೆ ಸಂದೇಶವೆಂಬ ಮಾತಿಗೇ ಅರ್ಥವಿಲ್ಲ. ಏನೇ ಇರಲಿ, ಹುಡುಕಿದವರಿಗೆ ಟ್ಯಾಕಿಯಾನ್ ಸಿಕ್ಕಿಲ್ಲ.

ಇಲ್ಲಿಯವರೆಗೆ ಬೆಳಕು ಬೆಳಕು ಎಂದು ಹೇಳುತ್ತ ಬಂದೆ. ನಿಜದಲ್ಲಿ ಈ ಎಲ್ಲೆ ಬೆಳಕಿನ ಸ್ವಂತ ಆಸ್ತಿಯಲ್ಲ. ಗುರುತ್ವಕ್ಕೂ ಅದೇ ಎಲ್ಲೆ. ಸೂರ್ಯ ಮಾಯವಾದರೆ ಭೂಮಿಗೆ ತಕ್ಷಣ ಗೊತ್ತಾಗುತ್ತದೆ ಎನ್ನುತ್ತದೆ ನ್ಯೂಟನ್ನನ ಲೆಕ್ಕ. ಐನ್‌ಸ್ಟೈನನ ಲೆಕ್ಕದಲ್ಲಿ ಇನ್ನೂ ಎಂಟು ನಿಮಿಷ ಇಪ್ಪತ್ತು ಸೆಕೆಂಡು ಇಲ್ಲದ ಸೂರ್ಯನನ್ನೇ ಸುತ್ತುತ್ತಿರುತ್ತೇವೆ. 2017ರ ಆಗಸ್ಟ್ 17ರಂದು ಇದಕ್ಕೆ ಪುರಾವೆ ಸಿಕ್ಕಿತು. ಎರಡು ನ್ಯೂಟ್ರಾನ್ ನಕ್ಷತ್ರಗಳು ಡಿಕ್ಕಿಯಾಗಿ ಹೊರಟ ಗುರುತ್ವದ ಅಲೆ ಮತ್ತು ಗಾಮಾ ಕಿರಣಗಳು ಸುಮಾರು 13 ಕೋಟಿ ವರ್ಷ ಪಯಣಿಸಿ 1.7 ಸೆಕೆಂಡಿನ ಅಂತರದಲ್ಲಿ ಇಲ್ಲಿಗೆ ಬಂದವು. ಆ ಅಂತರವೂ ಹೊರಡುವಾಗಿನದೇ ಇರಬೇಕು.

ಅದಕ್ಕೂ ಎರಡು ವರ್ಷ ಮೊದಲು, 2015ರ ಸೆಪ್ಟೆಂಬರ್ 14ರಂದು ಗುರುತ್ವದ ಅಲೆ ಮೊದಲ ಬಾರಿಗೆ ಸಿಕ್ಕಿತಲ್ಲ, ಅಲ್ಲಿ ಬೆಳಕಿನ ಶಂಕು ದಿನನಿತ್ಯದ ಕೆಲಸದ ಸಾಮಾನಾಗಿತ್ತು. ಲೈಗೊದ ಎರಡು ಶೋಧಕಗಳು ಅಮೆರಿಕದ ಲೂಸಿಯಾನಾದಲ್ಲೊಂದು, ವಾಷಿಂಗ್ಟನ್ ರಾಜ್ಯದಲ್ಲೊಂದು, ನಡುವೆ 3,000 ಕಿಲೋಮೀಟರು. ಬೆಳಕಿಗೆ ಅದು ಹತ್ತು ಮಿಲಿಸೆಕೆಂಡಿನ ದಾರಿ. ಒಂದೇ ಅಲೆ ಎರಡನ್ನೂ ಅಲುಗಿಸಿದ್ದರೆ ಎರಡು ಅಲುಗಾಟಗಳ ನಡುವೆ ಹತ್ತು ಮಿಲಿಸೆಕೆಂಡಿಗಿಂತ ಹೆಚ್ಚು ಅಂತರ ಇರಲಾರದು. ಇದ್ದರೆ, ಅಳತೆಯ ಅನಿಶ್ಚಿತತೆಗೆ ತುಸು ರಿಯಾಯಿತಿ ಕೊಟ್ಟು, ಕಸದ ಬುಟ್ಟಿಗೆ. ಅಂದು ಲೂಸಿಯಾನಾದಲ್ಲಿ ಮೊದಲು, ಸುಮಾರು ಏಳು ಮಿಲಿಸೆಕೆಂಡಿನ ನಂತರ ವಾಷಿಂಗ್ಟನ್‌ನಲ್ಲಿ ದಾಖಲಾಯಿತು.

ಆ ಅಲೆ ಎರಡು ಕಪ್ಪುಕುಳಿಗಳ ಡಿಕ್ಕಿಯಿಂದ ಹೊರಟದ್ದು. ಅವು ಒಂದಾದ ಮೇಲೆ ಆ ಸಂಕೇತದ ಬಾಲದಲ್ಲಿ ಬಡಿದ ಗಂಟೆಯ ನಾದ ಕ್ರಮೇಣ ಅಡಗುವಂಥ ಒಂದು ಕಂಪನವಿದೆ. ಅದು ಹಾಗಿರಬೇಕೆಂದು 1970ರಲ್ಲೇ ಲೆಕ್ಕ ಹಾಕಿ ತೋರಿಸಿದವರು ಬೆಂಗಳೂರಿನ ಸಿ.ವಿ. ವಿಶ್ವೇಶ್ವರ. ಮೇರಿಲ್ಯಾಂಡ್‌ನಲ್ಲಿ ಚಾರ್ಲ್ಸ್ ಮಿಸ್ನರ್ ಅವರ ಶಿಷ್ಯರಾಗಿದ್ದಾಗ, ಕಪ್ಪುಕುಳಿಗಳು ಇವೆಯೆಂದೇ ಹಲವರು ನಂಬದಿದ್ದ ದಿನಗಳಲ್ಲಿ, ಅಂಥದೊಂದನ್ನು ತಟ್ಟಿದರೆ ಅದು ಚೂರಾಗದೆ ಕಂಪಿಸಿ ಶಾಂತವಾಗುತ್ತದೆ ಎಂದು ತೋರಿಸಿದರು. ಊರಿಗೆ ಮರಳಿ ಜವಾಹರಲಾಲ್ ನೆಹರೂ ತಾರಾಲಯದ ಸ್ಥಾಪಕ ನಿರ್ದೇಶಕರಾದರು. ಸುಮಾರು ನಾಲ್ಕೂವರೆ ದಶಕದ ನಂತರ ಆ ಕಂಪನ ಲೈಗೊದ ಗ್ರಾಫಿನಲ್ಲಿ ಮೂಡಿದ್ದನ್ನು ನೋಡಿ, 2017ರ ಜನವರಿಯಲ್ಲಿ ತೀರಿಕೊಂಡರು. ಬೆಂಗಳೂರಿನ ವೃತ್ತಗಳಿಗೆ ಹೆಸರಿಡುವವರಿಗೆ ಇವರ ನೆನಪಾಗುವುದಿಲ್ಲವೇಕೋ.

ಕಪ್ಪುಕುಳಿಯ ಬಳಿ ಶಂಕು ಓರೆಯಾಗುತ್ತದೆ. ದೂರದಲ್ಲಿ ನೆಟ್ಟಗೆ ನಿಂತ ಶಂಕು ಹತ್ತಿರ ಹೋದಂತೆ ಒಳಮುಖವಾಗಿ ವಾಲುತ್ತ ಬಂದು, ದಾಟಿದರೆ ಮರಳಲಾಗದ ಗಡಿಯಾದ ಘಟನಾ ದಿಗಂತದಲ್ಲಿ ಅದರ ಹೊರ ಅಂಚು ದಿಗಂತದ ಗೆರೆಗೇ ಅಂಟಿಕೊಳ್ಳುತ್ತದೆ. ಹೊರಮುಖವಾಗಿ ಓಡುವ ಬೆಳಕು ಅಲ್ಲೇ ನಿಂತಲ್ಲಿ ನಿಂತಿರುತ್ತದೆ. ಒಳಗೆ ಇಳಿದ ಮೇಲಂತೂ ಶಂಕು ಪೂರ್ತಿ ಒಳಕ್ಕೆ ಮಗುಚಿದೆ. ಅಲ್ಲಿ ಕೇಂದ್ರವೆಂಬುದು ಯಾವುದೋ ದಿಕ್ಕಿನಲ್ಲಿರುವ ಒಂದು ಜಾಗವಲ್ಲ, ನಾಳೆ ಬೆಳಿಗ್ಗೆಯಂತೆ ಬಂದೇ ತೀರುವ ಒಂದು ಹೊತ್ತು. ಕಪ್ಪುಕುಳಿ ಎಲ್ಲವನ್ನೂ ಹೀರಿಕೊಳ್ಳುವ ರಾಕ್ಷಸ ಎಂಬ ವರ್ಣನೆಗಿಂತ ಇದು ನನಗೆ ಹೆಚ್ಚು ದಿಗಿಲು ಹುಟ್ಟಿಸುತ್ತದೆ. ಹೀರುವವರಿಂದ ಬಲವಿದ್ದರೆ ತಪ್ಪಿಸಿಕೊಳ್ಳಬಹುದು. ನಾಳೆಯಿಂದ ತಪ್ಪಿಸಿಕೊಳ್ಳಲು ಎಂಥ ರಾಕೆಟ್ ಬೇಕು?

ಇಷ್ಟಾಗಿಯೂ ಒಂದು ಕಡೆ ನನಗೆ ಇನ್ನೂ ಸಮಾಧಾನವಿಲ್ಲ. 2015ರಲ್ಲಿ ನೆದರ್‌ಲೆಂಡ್ಸ್‌ನ ಡೆಲ್ಫ್ಟ್‌ನಲ್ಲಿ, 1.3 ಕಿಲೋಮೀಟರು ಅಂತರದ ಎರಡು ಪ್ರಯೋಗಾಲಯಗಳಲ್ಲಿ, ಎರಡು ವಜ್ರದ ಚೂರುಗಳೊಳಗಿನ ಎಲೆಕ್ಟ್ರಾನುಗಳನ್ನು, ಒಂದರ ಅಳತೆ ಇನ್ನೊಂದರ ಅಳತೆಗೆ ಹೊಂದುವಂಥ ಕ್ವಾಂಟಂ ನಂಟಿನಲ್ಲಿ ಕಟ್ಟಿ ಅಳೆದರು. ಬೆಳಕು ಆ ದೂರ ಕ್ರಮಿಸಲು 4.27 ಮೈಕ್ರೊಸೆಕೆಂಡು ಬೇಕು. ಏನನ್ನು ಅಳೆಯಬೇಕೆಂದು ಆರಿಸುವುದು, ಅಳೆಯುವುದು, ಎಲ್ಲವನ್ನೂ ಅದಕ್ಕಿಂತ ಕಡಿಮೆ ಹೊತ್ತಿನಲ್ಲಿ ಮುಗಿಸಿದರು, ಒಂದರ ಸುಳಿವು ಇನ್ನೊಂದಕ್ಕೆ ಹೋಗುವ ದಾರಿ ಮುಚ್ಚಲೆಂದು. 220 ಗಂಟೆಗಳಲ್ಲಿ 245 ಬಾರಿ ನಡೆದ ಅಳತೆಗಳಲ್ಲಿ ಎರಡೂ ಕಡೆಯ ಫಲಿತಾಂಶಗಳ ಹೊಂದಾಣಿಕೆ, ಮೊದಲೇ ಮಾತಾಡಿಕೊಂಡು ಬಂದಿದ್ದರೆ ಇರಬಹುದಾದ ಮಿತಿಯನ್ನು ಮೀರಿತ್ತು. ಇಂಥ ಪ್ರಯೋಗಗಳಿಗೆ ದಾರಿ ಮಾಡಿದ ಆಸ್ಪೆ, ಕ್ಲೌಸರ್, ಜೈಲಿಂಗರ್ ಅವರಿಗೆ 2022ರಲ್ಲಿ ನೊಬೆಲ್ ಬಂತು.

ಎರಡು ಅಳತೆಗಳಲ್ಲಿ ಮೊದಲು ನಡೆದದ್ದು ಯಾವುದು ಎಂದು ಕೇಳುವಂತಿಲ್ಲ, ಅವು ಒಂದರ ಶಂಕುವಿನಿಂದ ಇನ್ನೊಂದು ಹೊರಗಿವೆ. ಆದ್ದರಿಂದ ಇದು ಅದಕ್ಕೆ ಕಾರಣವಾಯಿತು ಎಂದೂ ಹೇಳುವಂತಿಲ್ಲ. ಮೊದಲೇ ಒಪ್ಪಂದವಾಗಿತ್ತು ಎಂದೂ ಹೇಳುವಂತಿಲ್ಲ. ಇದನ್ನು ಬಳಸಿ ಒಂದಕ್ಷರದ ಸಂದೇಶವನ್ನೂ ಕಳಿಸಲಾಗುವುದಿಲ್ಲ, ಹಾಗಾಗಿ 7:19ಕ್ಕೆ ಬರುವ ಉತ್ತರದ ಭಯವೂ ಇಲ್ಲ. ನಿಯಮ ಎಲ್ಲೂ ಮುರಿದಿಲ್ಲ ಎಂದು ಪಠ್ಯಪುಸ್ತಕಗಳು ಇಲ್ಲಿಗೆ ಅಧ್ಯಾಯ ಮುಗಿಸುತ್ತವೆ. ನನಗೆ ಇದು ವಕೀಲರ ವಾದದಂತೆ ಕೇಳುತ್ತದೆ: ಕಕ್ಷಿದಾರ ಖುಲಾಸೆಯಾದ, ಆದರೆ ನಡೆದದ್ದೇನೆಂದು ಯಾರೂ ಹೇಳಲಿಲ್ಲ. ಒಂದೊಂದು ಪ್ರಯೋಗಾಲಯದಲ್ಲಿ ಕುಳಿತು ನೋಡಿದರೆ ಸಿಗುವುದು ತಲೆಬುಡವಿಲ್ಲದ ಅಂಕಿಗಳ ಪಟ್ಟಿ ಮಾತ್ರ. ಹೊಂದಾಣಿಕೆ ಇದೆಯೆಂದು ತಿಳಿಯಬೇಕಾದರೆ ಎರಡು ಪಟ್ಟಿಗಳನ್ನು ಒಂದೆಡೆ ತಂದು ಪಕ್ಕಪಕ್ಕ ಇಟ್ಟು ನೋಡಬೇಕು, ಆ ತರುವ ಕೆಲಸಕ್ಕೆ ಡೆಲ್ಫ್ಟ್‌ನವರಿಗೂ ಬೆಳಕಿಗಿಂತ ಬೇಗ ಹೋಗುವ ವಾಹನ ಯಾವುದೂ ಇರಲಿಲ್ಲ.